ಮುದುಕಮ್ಮ ಕಡೆದ ಪಾಯಖಾನೆಯ ಕಲ್ಲು

ಬಿಸಿಲು ಇನ್ನೂ ಬಿದ್ದಿಲ್ಲ. ರಂಗಂಪೇಟೆಯ ಅಂಚಿನಲ್ಲಿ ಕಲ್ಲು ಕಡೆಯುವ ಮುದುಕಮ್ಮ ಮಂಡಿಯೂರಿ ಕುಳಿತು, ಕರಿಕಲ್ಲಿಗೆ ಕೆನ್ನೆ ಹಚ್ಚಿದ್ದಾರೆ. ಕಣ್ಣು ಮುಚ್ಚಿ ಕೆನ್ನೆಯನ್ನು ನಿಧಾನವಾಗಿ ಸರಿಸುತ್ತಾರೆ. ಒಂದು ಕಡೆ ತಡೆದು, ಅಲ್ಲಿ ಮರಳು ಉದುರಿಸಿ, ನೀರು ಚಿಮುಕಿಸಿ ಮತ್ತೆ ತಿಕ್ಕುತ್ತಾರೆ. ನಾನೂ ಮುಟ್ಟಿ ನೋಡುತ್ತೇನೆ. ನನ್ನ ಅಂಗೈಗೆ ಒರಟೇನೂ ತಾಗುವುದಿಲ್ಲ.

"ಕೈಗೆ ತಿಳಿಯಂಗಿಲ್ರಿ. ಗಲ್ಲಕ್ಕ ತಿಳಿತದ," ಎನ್ನುತ್ತಾರೆ.

ಕುರ್ಚಿಯಂತೆ ಎತ್ತರ, ನಡುವೆ ತೂತು, ಪಕ್ಕದಲ್ಲಿ ಕೈಯೂರಲು ಒಂದು ಮೋಟು ಕಂಬ. ಇದು ಮನೆಯ ಪಾಯಖಾನೆಯಲ್ಲಿ ಕೂರುವ ಕಲ್ಲು.

ಒಂಬತ್ತು ವರ್ಷದ ಹಿಂದೆ ಶಹಾಪುರದ ಗುಡ್ಡದಲ್ಲಿ ಬಂಡೆ ಉರುಳಿ, ಕಲ್ಲುಕುಟಿಗನಾದ ಗಂಡ ಹುಲಗಪ್ಪನ ಮೊಣಕಾಲು ನುಜ್ಜಾಯಿತು. ಮತ್ತೆ ಕುಕ್ಕರಗಾಲಲ್ಲಿ ಕೂರಲಾಗಲಿಲ್ಲ. ಬಯಲಿಗೆ ಹೋಗಬೇಕಾದರೆ ಇಬ್ಬರು ಹೊರಬೇಕು. "ನಾಚಿಕೀಲೆ ಯಾರ ಮಾರಿನೂ ನೋಡ್ತಿದ್ದಿಲ್ರಿ," ಎಂದು ಮುದುಕಮ್ಮ ನೆನೆಯುತ್ತಾರೆ. ಅದುವರೆಗೆ ಜಲ್ಲಿ ಒಡೆಯುವುದಷ್ಟೇ ಗೊತ್ತಿದ್ದ ಅವರು ಗಂಡನ ಉಳಿ ಹಿಡಿದರು. ಅವನಿಗಾಗಿ ಕಡೆದ ಮೊದಲ ಕಲ್ಲು ಎರಡು ಸಲ ಸೀಳಿತು, ಮುಗಿಯಲು ಮೂರು ತಿಂಗಳಾಯಿತು. ಈಗ ಹನ್ನೆರಡು ದಿನ ಸಾಕು. ದೋರನಹಳ್ಳಿ, ದೇವಾಪುರ ಎಂದು ಈವರೆಗೆ ಮೂವತ್ತೊಂದು ಕಲ್ಲು ಬಂಡಿಯೇರಿವೆ. ದಿನಕ್ಕೆ ಎಂಟು ಉಳಿ ಮೊಂಡಾಗುತ್ತವೆ. ಹುಲಗಪ್ಪ ಕುಳಿತಲ್ಲೇ ಅವನ್ನು ಮಸೆದುಕೊಡುತ್ತಾನೆ.

ಇಂದಿನ ಕಲ್ಲು ಸುರಪುರದ ಬಸವಂತ್ರಾಯರ ಮನೆಗೆ. ತಹಸೀಲ್ ಕಚೇರಿಯಲ್ಲಿ ಉರ್ದು ಕಾಗದ ಬರೆಯುವ ಗುಮಾಸ್ತ, ನನ್ನ ಗೆಳೆಯ. ಅವರ ತಾಯಿ ಸುಂದ್ರಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಬಸವಂತ್ರಾಯರು ಹೈದರಾಬಾದಿನಿಂದ ಪಿಂಗಾಣಿಯ ಪಾಯಖಾನೆ ತರಿಸಲು ನಿರ್ಧರಿಸಿ, ಅದರ ಚಿತ್ರವನ್ನು ಎಲ್ಲರಿಗೂ ತೋರಿಸುತ್ತಿದ್ದರು. ಯಾದಗಿರಿವರೆಗೆ ರೈಲಿನಲ್ಲಿ ಬರುತ್ತದೆ, ಅಲ್ಲಿಂದ ಬಂಡಿ. ಮುದುಕಮ್ಮನನ್ನು ಕರೆಸಿದ್ದು ನೆಲಕ್ಕೆ ಚಪ್ಪಡಿ ಹಾಸಲು ಮಾತ್ರ.

ಅಂದು ನಾನೂ ಅಲ್ಲಿದ್ದೆ. ಮುದುಕಮ್ಮ ಚಿತ್ರ ನೋಡಿ, "ಭಾಳ ಚಂದ ಅದರಿ. ಎತ್ತರ ಎಷ್ಟದ?" ಎಂದರು.

ಚಿತ್ರದಲ್ಲಿ ಅಳತೆ ಇರಲಿಲ್ಲ.

ಅವರು ಗಂಡಸರನ್ನೆಲ್ಲ ಪಡಸಾಲೆಗೆ ಕಳಿಸಿ, ಒಳಗೆ ಇಟ್ಟಿಗೆ ಪೇರಿಸಿ ಸುಂದ್ರಮ್ಮನನ್ನು ಕೂರಿಸಿದರು. ಮಾತು ನಮಗೆ ಕೇಳುತ್ತಿತ್ತು.

"ಏಳ್ರಿ ಅವ್ವಾರ, ನೋಡೂಣು."

"ಆಗವಲ್ದವ್ವ."

ಇನ್ನೊಂದು ಸಾಲು ಇಟ್ಟಿಗೆ ಇಟ್ಟ ಸದ್ದು. "ಈಗ ಏಳ್ರಿ. ಎಡಗೈ ಊರ್ತೀರೋ, ಬಲಗೈ?"

"ಬಲಗೈ."

ಮೂರನೆಯ ಸಲ ಇನ್ನೊಂದು ಸಾಲು ಏರಿತು. ಆಮೇಲೆ ಸುಂದ್ರಮ್ಮನ ದನಿ ಕೇಳಿತು: "ಎದ್ದೆನಲ್ಲವ್ವ! ಯಾರೂ ಹಿಡೀಲಾರದ ಎದ್ದೆ!" ಹಿಂದೆಯೇ ಅಳು. "ಮೂರು ತಿಂಗಳಾತು, ಸೊಸಿ ನನ್ನ ಎತ್ತಿ ಎತ್ತಿ ಸೋತಾಳಂತ ಒಂದೇ ಹೊತ್ತು ಉಂಡೀನಿ. ನೀರು ಸುದ್ದಾ ಕುಡಿದಿಲ್ಲ."

ಬಸವಂತ್ರಾಯರ ಮುಖ ಕಪ್ಪಿಟ್ಟಿತು. "ಹಸಿವಿಲ್ಲ ಅಂತಿದ್ದಳು. ನಾ ನಂಬಿದೆ," ಎಂದಷ್ಟೇ ನನಗೆ ಹೇಳಿದರು. ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ತಾಯಿಯ ಮುಂದೆ ಕುಳಿತರು. "ಅವ್ವಾ, ಯಾವ್ದು ಮಾಡಿಸ್ಲಿ?"

"ನಾ ಎದ್ದ ಎತ್ತರದ್ದು ಮಾಡಿಸು."

ಆ ಎತ್ತರವನ್ನು ಮುದುಕಮ್ಮ ತಮ್ಮ ಸೆರಗಿನಲ್ಲಿ ಗಂಟು ಹಾಕಿ ಅಳೆದುಕೊಂಡು ಬಂದಿದ್ದರು. ಅಕ್ಷರ ಬಾರದ ಆ ಕೈ ಕಡೆದ ಕಲ್ಲನ್ನು ಇಂದು ಬಸವಂತ್ರಾಯರ ಮನೆಯಲ್ಲಿ ನಾನು ಅಂದಿನ ಇಟ್ಟಿಗೆಗಳ ಎತ್ತರಕ್ಕೆ ದಾರ ಹಿಡಿದು ಹೋಲಿಸಿ ನೋಡುತ್ತೇನೆ. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಆರು ಮಂದಿ ಅದನ್ನು ಇಳಿಸುತ್ತಾರೆ. ಕೆಳಗೆ ಆಳದ ಗುಂಡಿ, ಪಕ್ಕದಲ್ಲಿ ಗುಂಡಿಗೆ ಉದುರಿಸಲು ಬೂದಿಯ ಬುಟ್ಟಿ.

ಗಾರೆ ಒಣಗಿದ ಮೂರನೆಯ ದಿನ ಮತ್ತೆ ಹೋಗುತ್ತೇನೆ. ಸುಂದ್ರಮ್ಮ ಗೋಡೆ ಹಿಡಿದು ಒಬ್ಬರೇ ಒಳಹೋಗಿ, ಒಬ್ಬರೇ ಹೊರಬರುತ್ತಾರೆ. ಕಟ್ಟೆಯ ಮೇಲೆ ಕುಳಿತು ಸೊಸೆ ದೇವಕಮ್ಮನಿಗೆ, "ಒಂದು ಚೆಂಬು ನೀರು ತಾರವ್ವ," ಎನ್ನುತ್ತಾರೆ. ಪೂರ್ತಿ ಕುಡಿದು ಚೆಂಬನ್ನು ಮತ್ತೆ ಚಾಚುತ್ತಾರೆ. ದೇವಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೋಡುತ್ತಾಳೆ.

ಇಂಥ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ, ಬೇಸರವಿಲ್ಲವೇ ಎಂದು ನಾನು ಮುದುಕಮ್ಮನನ್ನು ಕೇಳುತ್ತೇನೆ. ಅವರು ಚಪ್ಪಡಿ ಹಾಸುವುದನ್ನೂ ಮುಗಿಸಿ, ಅಲ್ಲೇ ಉಳಿಗಳನ್ನು ಚೀಲಕ್ಕೆ ತುಂಬುತ್ತಿದ್ದಾರೆ.

"ಗುಡಿ ಕಲ್ಲಿಗೆ ಮಂದಿ ಕೈ ಮುಗೀತಾರ. ನನ್ನ ಕಲ್ಲಿಗೆ ಬಾಗಲಾ ಹಾಕ್ಕೋತಾರ. ಹಾಕ್ಕೊಳ್ಳಲಿ ಬಿಡ್ರಿ. ಒಳಗ ಹೋದೋರು ಯಾರ್ನೂ ಕರೀಲಾರದ ಹೊರಗ ಬರ್ತಾರಲ್ರಿ."