ಹತ್ತು ಎಣಿಸುವಷ್ಟು ಸಿಟ್ಟು

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ಕಲ್ಲೋಳಿಯ ಅಲ್ಲವ್ವನಿಗೆ ಅಷ್ಟು ಪುರಸೊತ್ತಿರಲಿಲ್ಲ. ವಯಸ್ಸು ಆಗಲೇ ಐವತ್ತಮೂರು. ನಾಲ್ಕು ತಿಂಗಳಲ್ಲಿ ತೀರಿಸಿಯೇ ಬಿಡುತ್ತೇನೆಂದು ಹಟ ತೊಟ್ಟಳು. ಆ ಹಟ ಯಾರ ಮೇಲೆ, ಯಾಕೆ ಅನ್ನುವುದಕ್ಕೆ ಮೊದಲು ಆಕೆ ಯಾರೆಂದು ಹೇಳಬೇಕು.

ಹುಟ್ಟಿದ್ದು ಬೆಲ್ಲದ ಬಾಗೇವಾಡಿ. ಯಲ್ಲಾಲಿಂಗನನ್ನು ಮದುವೆಯಾಗಿ ಕಲ್ಲೋಳಿಗೆ ಬಂದ ವರ್ಷವೇ ಖುರಪಿ ಹಿಡಿದು, ಹೊಲದ ಕಳೆ ತೆಗೆಯುವ ಹೆಂಗಸರ ಗುಂಪು ಸೇರಿದಳು. ಇಪ್ಪತ್ತೆರಡು ವರ್ಷದಿಂದ ಆ ಗುಂಪಿನಲ್ಲಿ ಮುಂದಿನ ಸಾಲು ಆಕೆಯದು. ಮುಂದಿನ ಸಾಲೆಂದರೆ ಸಣ್ಣ ಮಾತಲ್ಲ. ಹತ್ತು ಹೆಂಗಸರು ಹತ್ತು ಸಾಲು ಹಿಡಿದು ಕುಕ್ಕರುಗಾಲಲ್ಲಿ ಕೂತಾಗ, ಬದುವಿನ ಕಡೆಯ ಮೊದಲನೆಯವಳು ಎಷ್ಟು ಬೇಗ ಸರಿಯುತ್ತಾಳೋ ಉಳಿದವರೂ ಅಷ್ಟು ಬೇಗ ಸರಿಯಬೇಕು. ಯಾವಾಗ ನೀರು ಕುಡಿಯುವುದು, ಯಾವಾಗ ಬುತ್ತಿ ಬಿಚ್ಚುವುದು, ನಾಳೆ ಯಾರ ಹೊಲ, ಎಲ್ಲದಕ್ಕೂ ಆಕೆಯದೇ ಮಾತು. ಟಂಟಂ ಗಾಡಿಯಲ್ಲಿ ಡ್ರೈವರನ ಬಾಜೂ ಸೀಟೂ ಆಕೆಯದೇ. ಉಳಿದವರು ಹಿಂದೆ ಒಬ್ಬರ ಮೇಲೊಬ್ಬರು.

ಮೊಣಕಾಲು ಹಿಡಿದುಕೊಂಡದ್ದನ್ನು ಅಲ್ಲವ್ವ ಎರಡು ವರ್ಷ ಮುಚ್ಚಿಟ್ಟಳು. ಅದಕ್ಕೊಂದು ಉಪಾಯವಿತ್ತು. ಸಾಲು ಮುಗಿಸಿ ಏಳುವಾಗ ಬಿಟ್ಟುಹೋದ ಹುಲ್ಲೊಂದನ್ನು ಕೀಳುವವಳಂತೆ ಎಡಗೈಯನ್ನು ನೆಲಕ್ಕೂರುವುದು, ಅದೇ ನೆಪದಲ್ಲಿ ಮೈ ಎತ್ತಿಬಿಡುವುದು. ನೋಡಿದವರಿಗೆ ಏನು ಶ್ರದ್ಧೆಯ ಹೆಂಗಸಪ್ಪಾ ಅನ್ನಿಸಬೇಕು. ರಾತ್ರಿ ಎಣ್ಣೆ ಹಚ್ಚುವುದು, ಬೆಳಿಗ್ಗೆ ಗುಳಿಗೆ ನುಂಗುವುದು, ಆಗಾಗ ಇಂಜೆಕ್ಷನ್ನು ಮಾಡಿಸಿಕೊಳ್ಳುವುದು, ಮತ್ತೆ ಹೊಲಕ್ಕೆ ಹೋಗುವುದು. ಹೀಗೇ ನಡೆದಿತ್ತು.

ಶ್ರಾವಣದಲ್ಲಿ ಕೊಣ್ಣೂರಿನ ರಾವಸಾಹೇಬರ ಉಳ್ಳಾಗಡ್ಡಿ ಹೊಲದಲ್ಲಿ ಉಪಾಯ ಕೈಕೊಟ್ಟಿತು. ಹುಲ್ಲು ಕೈಗೆ ಬಂತು, ಮೈ ಮೇಲೇಳಲಿಲ್ಲ. ಕೂತಲ್ಲೇ ಕೂತಳು. ಆಗ ಬಾಳವ್ವ ಬಂದಳು. ಈ ಬಾಳವ್ವ ಮದುವಣಗಿತ್ತಿಯಾಗಿ ಬಂದಾಗ ಖುರಪಿಯ ಯಾವ ತುದಿ ಹಿಡಿಯಬೇಕೆಂದೂ ಗೊತ್ತಿರಲಿಲ್ಲ. ಕೈಹಿಡಿದು ಕಲಿಸಿದವಳು ಅಲ್ಲವ್ವ. ಬಾಳವ್ವ ಇನ್ನೊಬ್ಬಳನ್ನು ಕೂಗಿ, ಇಬ್ಬರೂ ಕಂಕುಳಿಗೆ ಕೈಹಾಕಿ, ಗೊಬ್ಬರದ ಚೀಲ ಎತ್ತಿದಂತೆ ಎತ್ತಿ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಬಾಳವ್ವ ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಅಕ್ಕಾ, ನೀ ಇನ್ನ ಮನ್ಯಾಗ ಇರು. ನಿನಗ ಕುಂದ್ರಾಕ ಯಾರೂ ಬ್ಯಾಡ, ಎಬ್ಬಸಾಕ ಇಬ್ಬರು ಬೇಕು. ಆ ಇಬ್ಬರ ಸಾಲು ಯಾರು ಹಿಡೀಬೇಕು?"

ಒಂಬತ್ತೂ ಹೆಂಗಸರು ನಕ್ಕರು. ಮರುದಿನ ಟಂಟಂ ಬಂದಾಗ ಡ್ರೈವರನ ಬಾಜೂ ಬಾಳವ್ವ ಕೂತಿದ್ದಳು. ಗಾಡಿ ಅಲ್ಲವ್ವನ ಮನೆಯ ಮುಂದೆ ನಿಲ್ಲಲೇ ಇಲ್ಲ. ಗುರುವಿಗೇ ತಿರುಮಂತ್ರ ಅಂದರೆ ಇದೇ.

ಸೊಸೆ ಮೇಘಾ ಒಂದು ವಾರ ಅತ್ತೆಯ ಮುಖ ನೋಡಿದಳು, ಎಂಟನೆಯ ದಿನ ಬೈಕಿನ ಹಿಂದೆ ಕೂರಿಸಿಕೊಂಡು ಮೂಡಲಗಿಗೆ ಒಯ್ದಳು. ಅಲ್ಲಿ ಫಿಜಿಯೋಥೆರಪಿಯ ಡಾಕ್ಟರು ಪದ್ಮಶ್ರೀ, ಇನ್ನೂ ಮೂವತ್ತು ದಾಟದ ಹುಡುಗಿ. ಅಲ್ಲವ್ವನ ಕಾಲನ್ನು ಮಡಚಿ, ಚಾಚಿ, ತೊಡೆ ಒತ್ತಿ ನೋಡಿದಳು.

"ಅವ್ವಾರ, ನೋವಿರೂದು ಮೊಣಕಾಲಾಗ. ಆದ್ರ ಸೋತಿದ್ದು ತೊಡಿ. ತೊಡಿ ಗಟ್ಟಿ ಆದ್ರ ಮೊಣಕಾಲಿನ ಮ್ಯಾಲಿನ ಭಾರ ಕಡಿಮಿ ಆಕ್ಕೈತಿ."

"ಗುಳಿಗಿ ಕೊಡ್ರಿ ಹಂಗಾರ."

"ತೊಡೀಗೆ ಗುಳಿಗಿ ಇಲ್ರಿ. ದುಡಸಬೇಕು."

ಟಾವೆಲ್ಲನ್ನು ಸುರುಳಿ ಸುತ್ತಿ ಮೊಣಕಾಲಿನ ಕೆಳಗಿಟ್ಟಳು. ಅದನ್ನು ನೆಲಕ್ಕೆ ಒತ್ತಿ ಹತ್ತು ಎಣಿಸುವ ತನಕ ಹಿಡಿಯಬೇಕು, ಬಿಡಬೇಕು, ಮತ್ತೆ ಒತ್ತಬೇಕು. ಅಲ್ಲವ್ವ ಹಲ್ಲು ಕಚ್ಚಿ ಒತ್ತಿ ಹತ್ತರ ತನಕ ಎಣಿಸಿದಳು. ಡಾಕ್ಟರು ಮೊಬೈಲು ತೋರಿಸಿ ನಕ್ಕಳು.

"ನೀವು ಹತ್ತು ಎಣಿಸಿದ್ರಿ. ಇದು ನಾಕ ಸೆಕೆಂಡ ಅಂತೈತಿ."

ಮನೆಯಲ್ಲೂ ಅದೇ ಕತೆ. ನೋವು ಶುರುವಾದ ಕೂಡಲೇ ಎಣಿಕೆ ಕಾಲಿಗೆ ಬುದ್ಧಿ ಹೇಳುತ್ತಿತ್ತು. ಮೂರು ಆದಮೇಲೆ ಏಳು, ಏಳಾದ ಮೇಲೆ ಹತ್ತು. ಹದಿನೈದು ದಿನ ಕಳೆದರೂ ತೊಡೆ ಹಾಗೇ ಬತ್ತಿತ್ತು. ಒಂದು ಬೆಳಿಗ್ಗೆ ಟಾವೆಲ್ಲು ಒತ್ತುತ್ತಿದ್ದಾಗ ಹೊರಗೆ ಟಂಟಂ ಹೋದ ಸದ್ದಾಯಿತು. ಅಲ್ಲವ್ವನ ಬಾಯಿಗೆ ಬಾಳವ್ವನ ಮಾತು ಬಂತು. "ಅಕ್ಕಾ, ನೀ ಇನ್ನ ಮನ್ಯಾಗ ಇರು..." ಒಂದೊಂದೇ ಮಾತು ನಿಧಾನವಾಗಿ, ಬಾಳವ್ವ ಅಂದ ಹಾಗೆಯೇ, ಕೊನೆಯಲ್ಲಿ ಕತ್ತು ಓರೆ ಮಾಡಿದ್ದೂ ಸಮೇತ. ಮಾತು ಮುಗಿಯುವವರೆಗೆ ಕಾಲು ಸಡಿಲವಾಗಲಿಲ್ಲ. ಮೇಘಾ ಒಲೆಯ ಮುಂದಿನಿಂದ ಮೊಬೈಲು ಹಿಡಿದು ಬಂದಳು.

"ಅತ್ತಿ, ಇನ್ನೊಮ್ಮಿ ಅನ್ನು."

ಅಲ್ಲವ್ವ ಮತ್ತೆ ಅಂದಳು. ಸರಿಯಾಗಿ ಹತ್ತು ಸೆಕೆಂಡು.

ಎಣಿಕೆಯನ್ನು ಓಡಿಸಬಹುದು, ಅವಮಾನವನ್ನು ಓಡಿಸಲು ಯಾರಿಂದಲೂ ಆಗದು. ಅಂದಿನಿಂದ ಅಲ್ಲವ್ವ ಅಂಕಿ ಬಿಟ್ಟಳು. ಟಾವೆಲ್ಲು ಒತ್ತುವಾಗ ಬಾಳವ್ವನ ಮಾತು, ಸಡಿಲಿಸಿ ಉಸಿರು ಬಿಡುವಾಗ ತಾನು ಆಕೆಗೆ ಕೊಡಲಿರುವ ಉತ್ತರ. ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಗೇಣೆತ್ತರ ಎತ್ತಿ ಹಿಡಿಯುವಾಗ ಅದೇ ಮಾತು. ತಿಂಗಳಾದ ಮೇಲೆ ಪಾದದ ಮೇಲೆ ಕಿಲೋ ಜೋಳದ ಗಂಟು ಕಟ್ಟಿಕೊಂಡು ಎತ್ತುವಾಗಲೂ ಅದೇ. ಗಂಡ ಯಲ್ಲಾಲಿಂಗ ಬಾಯಿ ಅಲ್ಲಾಡುವುದನ್ನು ನೋಡಿ, ನನ್ನ ಹೆಂಡತಿಗೆ ಈಗ ಜಪದ ಕಡೆ ಮನಸ್ಸಾಗಿದೆ ಎಂದು ಡೇರಿಯಲ್ಲಿ ಹೇಳಿಕೊಂಡು ಬಂದ. ಜಪವೇನೋ ಹೌದು. ದೇವರು ಮಾತ್ರ ಬೇರೆ.

ಆಮೇಲೆ ಕೂತು ಏಳುವುದು. ಕೈ ಎದೆಗೆ ಕಟ್ಟಿಕೊಂಡು ಮೊದಲು ಪ್ಲಾಸ್ಟಿಕ್ ಖುರ್ಚಿಯಿಂದ, ದಸರೆಯ ಹೊತ್ತಿಗೆ ತಗ್ಗಾದ ಹೊರಸು ಮಂಚದಿಂದ, ದೀಪಾವಳಿ ಮುಗಿದ ಮೇಲೆ ಅಡುಗೆಮನೆಯ ಮಣೆಯಿಂದ. ಮಣೆಯಿಂದ ಕೈಯೂರದೆ ಎದ್ದ ದಿನ ಅಲ್ಲವ್ವ ಅತ್ತಳು. ಸಂತೋಷಕ್ಕಲ್ಲ, ಸಿಟ್ಟಿಗೆ. ಇಷ್ಟೇ ಇದ್ದದ್ದಕ್ಕೆ ಆ ಹೆಂಗಸರ ಮುಂದೆ ಚೀಲವಾಗಿ ನಿಂತೆನಲ್ಲ ಎಂದು. ಡಾಕ್ಟರು ಹೊಲಕ್ಕೆ ಹೋಗಲು ಒಪ್ಪಿದಳು, ಒಂದು ಕರಾರು ಹಾಕಿ: ಅರ್ಧ ತಾಸಿಗೊಮ್ಮೆ ಎದ್ದು ನಿಲ್ಲಬೇಕು. ಅಲ್ಲವ್ವನಿಗೆ ಬೇಕಾದದ್ದೂ ಅದೇ.

ಡಿಸೆಂಬರಿನಲ್ಲಿ, ಅಲ್ಲವ್ವನ ಬದಲಿಗೆ ಗುಂಪು ಸೇರಿದ್ದ ನಂದಾ ಬಸುರಿ ಮಗಳ ಕುಬುಸಕ್ಕೆಂದು ಪರವೂರಿಗೆ ಹೋದಳು. ರಾವಸಾಹೇಬರಿಗೆ ಹತ್ತು ಆಳು ಬೇಕೇಬೇಕು. ಟಂಟಂ ಬಾಗಿಲ ಮುಂದೆ ನಿಂತಿತು.

"ಕಡೀ ಸಾಲು ಹಿಡಿತಿ ಏನ ಅಕ್ಕಾ?" ಬಾಳವ್ವ ಸೀಟಿನಿಂದಿಳಿಯದೆಯೇ ಕೇಳಿದಳು.

"ಹಿಡಿತೀನಿ," ಅಂದಳು ಅಲ್ಲವ್ವ, ಹಿಂದೆ ಹತ್ತಿದಳು.

ಅದೇ ಹೊಲ, ಹಿಂಗಾರಿಯ ಉಳ್ಳಾಗಡ್ಡಿ. ಕಡೆಯ ಸಾಲಿನಲ್ಲಿ ಕೂತು ಖುರಪಿ ಹಾಕಿದಳು. ಅರ್ಧ ತಾಸಿಗೊಮ್ಮೆ ಎರಡೂ ಕೈ ಎದೆಗೆ ಕಟ್ಟಿ ಎದ್ದು ನಿಂತಳು, ಸುತ್ತ ನೋಡಿದಳು, ಕೂತಳು. ಮೂರನೆಯ ಸಲ ಎದ್ದಾಗ ಹೆಂಗಸರು ಖುರಪಿ ಬಿಟ್ಟು ನೋಡಿದರು. ಬಾಳವ್ವ ನೋಡಿಯೂ ನೋಡದವಳಂತೆ ಕೈ ಜೋರು ಮಾಡಿದಳು. ಅಲ್ಲವ್ವ ಇನ್ನೂ ಜೋರು ಮಾಡಿದಳು. ಕಡೆಯ ಸಾಲಿನವಳು ಮೊದಲ ಸಾಲಿನವಳಿಗಿಂತ ಹತ್ತು ಮೊಳ ಮುಂಚೆ ಬದು ಮುಟ್ಟಿದಳು. ಇದು ಆ ಗುಂಪಿನಲ್ಲಿ ಯಾವತ್ತೂ ನಡೆದಿರಲಿಲ್ಲ.

ಬಾಳವ್ವ ಸಾಲು ಮುಗಿಸಿದಳು. ಏಳುವಾಗ ಎಡಗೈ ಚಾಚಿ ಹುಲ್ಲೊಂದನ್ನು ಹಿಡಿದಳು.

ಅಲ್ಲವ್ವ ಬದುವಿನಿಂದಲೇ ಬಗ್ಗಿ ನೋಡಿದಳು. ಅಲ್ಲಿ ಹುಲ್ಲೇ ಇರಲಿಲ್ಲ, ಉಳ್ಳಾಗಡ್ಡಿಯ ಸಸಿ ಇತ್ತು. ಆಟ ಗೊತ್ತಾಯಿತು. ಬಾಳವ್ವನ ಮೊಣಕಾಲೂ ಹೋಗಿದೆ! ನಾಲ್ಕು ತಿಂಗಳು ಉಜ್ಜಿ ಉಜ್ಜಿ ಹರಿತ ಮಾಡಿಟ್ಟುಕೊಂಡ ಉದ್ದನೆಯ ಉತ್ತರಗಳೆಲ್ಲ ಆ ಹೊತ್ತಿಗೆ ಬೇಡವಾದವು. ನಡೆದು ಹೋಗಿ ಒಂದೇ ಕೈ ಚಾಚಿದಳು.

"ಇಬ್ಬರು ಬ್ಯಾಡ ಬಾಳವ್ವಾ. ಒಬ್ಬಾಕಿ ಸಾಕು."

ಹೆಂಗಸರು ನಕ್ಕರು, ಶ್ರಾವಣದಲ್ಲಿ ನಕ್ಕವರೇ. ಬಾಳವ್ವ ಅರ್ಧ ಎದ್ದು ಅರ್ಧ ಕೂತು ಎಷ್ಟು ಹೊತ್ತು ಇರಲಾದೀತು? ಆ ಕೈ ಹಿಡಿದೇ ಏಳಬೇಕಾಯಿತು. ಸಂಜೆ ಡ್ರೈವರನ ಬಾಜೂ ಅಲ್ಲವ್ವ ಕೂತಳು. ಅಷ್ಟು ಸುಖದ ಸವಾರಿ ತನ್ನ ಜನ್ಮದಲ್ಲೇ ಮಾಡಿರಲಿಲ್ಲ ಎಂದು ಸೊಸೆಯ ಮುಂದೆ ಮೂರು ದಿನ ಹೇಳಿದಳು.

ನಾಲ್ಕನೆಯ ದಿನ ಟಾವೆಲ್ಲು ಒತ್ತಿ ಬಾಳವ್ವನ ಮಾತು ಅನ್ನಹೋದರೆ ನಗು ಬಂತು. ಹಗೆ ತೀರಿದ ಮೇಲೆ ಆ ಮಾತಿನ ಖಾರ ಹೋಗಿತ್ತು. ಅಂಕಿಗೆ ಮರಳಿದಳು, ಅಂಕಿ ಓಡಿತು. ದೇವರ ಹೆಸರು ಹೇಳಿ ನೋಡಿದಳು; ದೇವರ ಮೇಲೆ ಸಿಟ್ಟಿರಲಿಲ್ಲವಾದ್ದರಿಂದ ಅದೂ ಓಡಿತು. ಒಂದು ದಿನ ಬಿಟ್ಟಳು, ಆಮೇಲೆ ವಾರ ಬಿಟ್ಟಳು. ಹೊಲದಲ್ಲಿ ಮಾತ್ರ ದರ್ಬಾರು ಜೋರಾಗಿತ್ತು. ಯಾರಾದರೂ ಸೊಂಟ ಹಿಡಿದು ನಿಂತರೆ "ಎಬ್ಬಸಾಕ ಎಷ್ಟ ಮಂದಿ ಬೇಕ?" ಎಂದು ಕೇಳುವುದು ರೂಢಿಯಾಯಿತು. ಬುತ್ತಿ ಬಿಚ್ಚುವಾಗ ಹೆಂಗಸರು ಆಕೆಯಿಂದ ಒಂದು ಮಾರು ದೂರ ಕೂರತೊಡಗಿದರು. ಅಲ್ಲವ್ವ ಅದನ್ನು ಮರ್ಯಾದೆ ಅಂದುಕೊಂಡಳು.

ಯುಗಾದಿಯ ಹೊತ್ತಿಗೆ ಮೊಣಕಾಲು ಮತ್ತೆ ಮಾತಾಡಿತು. ಡಾಕ್ಟರು ಬೈದಳು: "ಇದು ರೊಟ್ಟಿ ಇದ್ದಂಗ್ರಿ ಅವ್ವಾರ. ನಿನ್ನಿ ಉಂಡೀನಂತ ಇವತ್ತ ಬಿಡ್ತೀರೇನು?"

ಮೂಡಲಗಿಯಿಂದ ಬಂದವಳು ಮನೆಗೆ ಹೋಗಲಿಲ್ಲ, ನೆಟ್ಟಗೆ ಬಾಳವ್ವನ ಮನೆಗೆ ನಡೆದಳು. ಬಾಳವ್ವ ಹೊಸ್ತಿಲ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಹೊಲದಲ್ಲಿ ಕೈ ಹಿಡಿದು ಎಬ್ಬಿಸಿದ ದಿನದಿಂದ ಇಬ್ಬರ ನಡುವೆ ಮಾತಿರಲಿಲ್ಲ.

"ನನಗ ಏನರ ಅನ್ನು," ಅಂದಳು ಅಲ್ಲವ್ವ. "ಕೆಟ್ಟದ್ದು. ಉದ್ದಂದು."

ಬಾಳವ್ವ ಕತ್ತೆತ್ತಿ ಆಕೆಯನ್ನು ನೋಡಿದಳು. ಇನ್ನೊಂದು ಕುಚೋದ್ಯವಿರಬೇಕೆಂದು ಅನುಮಾನಿಸಿದಳೋ ಏನೋ. ಆದರೆ ಮೂರು ತಿಂಗಳಿಂದ ಆಕೆಯೂ ಒಂದು ಮಾತನ್ನು ಕಟ್ಟಿಟ್ಟುಕೊಂಡಿದ್ದಳು, ಹುಡುಕುವ ಪ್ರಮೇಯವೇ ಬರಲಿಲ್ಲ. ಸಿಟ್ಟಿಲ್ಲದೆ, ಎಣ್ಣೆ ತಿಕ್ಕುತ್ತಲೇ ಹೇಳಿದಳು.

"ಒಬ್ಬಾಕಿ ಸಾಕು ಅಂದಿ ನೀ. ಖರೆ ಆತು ನೋಡಕ್ಕಾ. ನಿನ್ನ ಕಾಲು ಗಟ್ಟಿ ಆದ್ವು, ಆದ್ರ ನಿನ್ನ ಬಾಜೂ ಕುಂತು ಒಂದು ತುತ್ತು ಉಣ್ಣಾಕ ಈಗ ಒಬ್ಬಾಕೀನೂ ಇಲ್ಲ."

ಅಲ್ಲವ್ವ ಮನೆಗೆ ಬಂದು ಟಾವೆಲ್ಲು ಸುತ್ತಿ ಕಾಲು ಚಾಚಿದಳು. ಒತ್ತಿ ಹಿಡಿದು ಆ ಮಾತನ್ನು ಮೆಲ್ಲಗೆ ಅಂದಳು. ಬಾಳವ್ವನ ದನಿ ಬರಲಿಲ್ಲ, ತನ್ನದೇ ದನಿ ಬಂತು.

"ಹನ್ನೆರಡಾತು ಅತ್ತಿ," ಅಂದಳು ಮೇಘಾ, ಮೊಬೈಲು ನೋಡಿ. "ಇದು ಚಲೋ ಐತಿ."

ಕಾಲು ಸಡಿಲಿಸಿ ಉಸಿರು ಬಿಟ್ಟಾಗ ಉತ್ತರ ಹೇಳಬೇಕಿತ್ತು. ಅಲ್ಲವ್ವ ಮತ್ತೆ ಒತ್ತಿದಳು.

ಈಗಲೂ ದಿನಾ ಎರಡು ಹೊತ್ತು ಒತ್ತುತ್ತಾಳೆ, ಹನ್ನೆರಡರ ತನಕ ಹಿಡಿಯುತ್ತಾಳೆ, ಉತ್ತರ ಹುಡುಕುತ್ತಾಳೆ. ಇನ್ನೂ ಸಿಕ್ಕಿಲ್ಲ. ಮೊಣಕಾಲು ನೋಯುವುದಿಲ್ಲ.