ಸಿಮಿಯೋನನನ್ನು ದಾಟಿಹೋದ ಪಾತ್ರೆ

ಗುಳೇದಗುಡ್ಡದ ಕ್ರೈಸ್ತರ ಓಣಿಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ಮೊದಲು ಹೋಗುತ್ತಿದ್ದದ್ದು ಸಭೆಯ ಹಿರಿಯ ಇಸ್ರಾಯೇಲಪ್ಪನ ಮನೆಗೆ. ಆತ ರವಿಕೆಯ ಖಣ ನೇಯುವವನು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ನಿಲ್ಲಿಸದೆಯೇ ದೂರು ಕೇಳುತ್ತಿದ್ದ. ನೀರಿನ ಜಗಳವಿರಲಿ, ಗೋಡೆಯ ಜಗಳವಿರಲಿ, ಎಲ್ಲ ಕೇಳಿದ ಮೇಲೆ ಅವನದು ಒಂದೇ ಪ್ರಶ್ನೆ.

"ಅವನ ಕೂಡ ನೀ ಒಬ್ಬನ ಕುಂತು ಮಾತಾಡಿದಿ ಏನು?"

ಇಲ್ಲ ಎಂದರೆ ಮುಗಿಯಿತು, ಬಂದವನು ಎದ್ದು ಹೋಗಬೇಕು. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಎಂದು ಯೇಸುಸ್ವಾಮಿ ಕಲಿಸಿದ್ದನ್ನು ಉಳಿದವರು ಭಾನುವಾರ ಪ್ರಾರ್ಥನೆಯಲ್ಲಿ ಕೇಳಿ ಗುಡಿಯ ಹೊಸ್ತಿಲಲ್ಲೇ ಬಿಟ್ಟು ಬರುತ್ತಿದ್ದರು. ಇಸ್ರಾಯೇಲಪ್ಪ ಮನೆಗೆ ತಂದಿದ್ದ. ಓಣಿಯ ಮುಕ್ಕಾಲು ಜಗಳ ಆ ಮೊದಲ ಮೆಟ್ಟಿಲಲ್ಲೇ ಆರಿಹೋಗುತ್ತಿತ್ತು. ಆಚೆ ಓಣಿಯ ಮುತ್ತಪ್ಪನಂಥ ಲಿಂಗಾಯತ ನೇಕಾರರೂ ಗಂಡಹೆಂಡಿರ ತಂಟೆ ಬಿಡಿಸಲು ಅವನನ್ನು ಕರೆಯುವುದಿತ್ತು. ಅದರ ಹೆಮ್ಮೆ ಅವನಿಗೆ ಇರಲಿಲ್ಲ ಎಂದರೆ ಸುಳ್ಳಾದೀತು.

ಆ ಹೆಮ್ಮೆಗೆಲ್ಲ ಕಳಸದಂತಿದ್ದವನು ಎದುರು ಮನೆಯ ಸಿಮಿಯೋನ. ಒಂದು ಕಾಲಕ್ಕೆ ಸಿಮಿಯೋನ ಕುಡಿದು ಕುಡಿದು ಮಗ್ಗ ಮಾರಿಕೊಂಡವನು. ಹೆಂಡತಿ ಸುವಾರ್ತವ್ವ ಮಂದಿಯ ಮನೆಯಲ್ಲಿ ನೂಲು ಸುತ್ತಿ ಹೊಟ್ಟೆ ಹೊರೆಯುತ್ತಿದ್ದಳು. ಇಸ್ರಾಯೇಲಪ್ಪ ಅವನ ಪಕ್ಕ ದಿನಾ ಸಂಜೆ ಒಬ್ಬನೇ ಹೋಗಿ ಕೂತ. ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ತನ್ನ ಮನೆಯ ಇನ್ನೊಂದು ಮಗ್ಗಕ್ಕೆ ಅವನನ್ನು ಕೂರಿಸಿದ. ಕುಡಿತ ಬಿಟ್ಟಿತು. ಆಮೇಲೆ ಹೊರಗಿನಿಂದ ಯಾವ ಪಾದ್ರಿ ಅಯ್ಯನವರು ಬಂದರೂ ಇಸ್ರಾಯೇಲಪ್ಪ ಅವನನ್ನು ಕರೆದು ಮುಂದೆ ನಿಲ್ಲಿಸಿ ಕಥೆ ಹೇಳುತ್ತಿದ್ದ. ಸಿಮಿಯೋನ ಸಂತೆಯಲ್ಲಿ ಹಲ್ಲು ತೋರಿಸುವ ಎತ್ತಿನಂತೆ ತೆಪ್ಪಗೆ ನಿಲ್ಲುತ್ತಿದ್ದ. ಅದು ಅವನಿಗೆ ಹೇಗನ್ನಿಸುತ್ತಿತ್ತೋ, ಯಾರೂ ಕೇಳಲಿಲ್ಲ.

ಎಪ್ಪತ್ನಾಲ್ಕನೇ ಇಸವಿಯ ಬೇಸಿಗೆ. ಮರುದಿನ ಗುಡಿಯಲ್ಲಿ ಕರ್ತನ ಭೋಜನ, ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ದಿನ. ವ್ಯಾಪಾರಿಗೆ ಖಣ ಕೊಟ್ಟು ಪೇಟೆಯಿಂದ ಬರುತ್ತಿದ್ದ ಇಸ್ರಾಯೇಲಪ್ಪನಿಗೆ, ಸಾರಾಯಿ ಅಂಗಡಿಯ ಗೋಣಿತಟ್ಟಿನ ಪರದೆ ಸರಿಸಿ ತಲೆ ಬಗ್ಗಿಸಿ ಒಳಗೆ ಹೋಗುತ್ತಿರುವ ಸಿಮಿಯೋನ ಕಂಡ. ಕಾಲು ಅಲ್ಲೇ ನಿಂತವು. ಒಳಗೆ ಹೋಗಿ ಕೈ ಹಿಡಿದು ಕರೆತರಬಹುದಿತ್ತು. ಇಲ್ಲವೇ ಹೊರಗೆ ಬರುವ ತನಕ ಕಾಯಬಹುದಿತ್ತು. ಎರಡೂ ಮಾಡದೆ ಮನೆಯ ದಾರಿ ಹಿಡಿದ. ಮೊದಲು ಎದೆಯಲ್ಲಿ ಇದ್ದದ್ದು ದುಃಖವೇ. ಓಣಿ ಮುಟ್ಟುವಷ್ಟರಲ್ಲಿ ಅದು ಅವಮಾನವಾಗಿತ್ತು. ಇಷ್ಟು ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮವಾಯಿತು, ಊರ ಮುಂದೆ ತನ್ನ ಮುಖಕ್ಕೆ ಮಸಿ ಬಳಿದ, ಎಂದು ಕುದಿಯತೊಡಗಿದ. ಬೆಳಿಗ್ಗೆ ಎದ್ದಾಗಲೂ ಸಿಮಿಯೋನನ ಮನೆ ಎದುರಿಗೇ ಇತ್ತು, ಬಾಗಿಲೂ ತೆರೆದಿತ್ತು. ಇಸ್ರಾಯೇಲಪ್ಪ ಆ ಕಡೆ ನೋಡಲಿಲ್ಲ.

ಗುಡಿಯಲ್ಲಿ ಗಂಡಸರು ಸಾಲಾಗಿ ಮೊಣಕಾಲೂರಿದ್ದರು. ಬಾಗಲಕೋಟೆಯಿಂದ ಬಂದ ಅಯ್ಯನವರು ದ್ರಾಕ್ಷಾರಸದ ಪಾತ್ರೆ ಹಿಡಿದು ಒಬ್ಬೊಬ್ಬರಿಗೇ ಕೊಡುತ್ತ ಬಂದರು, ಪಕ್ಕದಲ್ಲಿ ಹಿರಿಯ ಇಸ್ರಾಯೇಲಪ್ಪ. ಸಿಮಿಯೋನನ ಮುಂದೆ ಬಂದಾಗ ಇಸ್ರಾಯೇಲಪ್ಪ ಅಯ್ಯನವರ ತೋಳು ಮುಟ್ಟಿ ಕಿವಿಯಲ್ಲಿ ಏನೋ ಹೇಳಿದ. ಅವರು ಸಿಮಿಯೋನನನ್ನು ಬಿಟ್ಟು ಮುಂದಿನವನಿಗೆ ಪಾತ್ರೆ ಕೊಟ್ಟರು. ಎತ್ತಿದ ಮುಖವನ್ನು ಸಿಮಿಯೋನ ಮೆಲ್ಲಗೆ ಇಳಿಸಿದ. ಹೆಂಗಸರ ಸಾಲಿನಲ್ಲಿದ್ದ ಸುವಾರ್ತವ್ವ ನೋಡಿದಳು. ಸಭೆಗೆ ಸಭೆಯೇ ನೋಡಿತು.

ಸಿಮಿಯೋನ ಒಂದು ಮಾತೂ ಆಡಲಿಲ್ಲ. ಬಂದು ಕಾಲು ಹಿಡಿಯುತ್ತಾನೆ ಎಂದು ಇಸ್ರಾಯೇಲಪ್ಪ ಕಾದ. ಅವನು ಬರಲಿಲ್ಲ, ಮಗ್ಗಕ್ಕೂ ಬರಲಿಲ್ಲ. ಮಳೆಗಾಲ ಬರುವಷ್ಟರಲ್ಲಿ ನಿಜವಾಗಿಯೂ ಕುಡಿಯತೊಡಗಿದ್ದ. ನೋಡಿದಿರಾ, ನಾನು ಕಂಡದ್ದು ಖರೆ ಆಯಿತು ಎಂದು ಇಸ್ರಾಯೇಲಪ್ಪ ನಾಲ್ಕು ಜನರ ಮುಂದೆ ಅಂದ. ಹಾಗೆ ಅನ್ನುವಾಗ ಅವನಿಗೆ ಒಳಗೊಳಗೇ ಸಮಾಧಾನವೂ ಆಯಿತು. ನಾಚಿಕೆಗೇಡಿನ ಮಾತು, ಆದರೆ ಆಗಿದ್ದು ಹಾಗೇ.

ಎರಡು ವರ್ಷದ ಮೇಲೆ, ಇಳಕಲ್ಲಿನಲ್ಲಿ ಸೀರೆ ವ್ಯಾಪಾರಿಯೊಬ್ಬನ ಹತ್ತಿರ ದುಡಿಯುತ್ತಿದ್ದ ಇಸ್ರಾಯೇಲಪ್ಪನ ಮಗ ತಿಮೋಥಿ ಕ್ರಿಸ್ಮಸ್ಸಿಗೆ ಊರಿಗೆ ಬಂದ. ಎದುರು ಮನೆಯ ಕಟ್ಟೆಯ ಮೇಲೆ ಸಿಮಿಯೋನ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದನ್ನು ಕಂಡು ಊಟಕ್ಕೆ ಕೂತವನು ಎದ್ದುಬಿಟ್ಟ.

"ಅಪ್ಪಾ, ಆವತ್ತ ಸಾರಾಯಿ ಅಂಗಡಿಯೊಳಗ ಕುಡದು ಕುಂತಾಂವ ನಾ. ಸಿಮಿಯೋನ ಕಾಕಾ ನನ್ನ ಕರಕೊಂಡು ಹೋಗಾಕ ಬಂದಿದ್ದ. ರಟ್ಟಿ ಹಿಡದು ಹಿಂದಿನ ಬಾಗಲದಿಂದ ಹೊರಗ ತಂದು, ನನ್ನ ಒಬ್ಬನ್ನ ಕುಂದರಿಸಿ ಬುದ್ಧಿ ಹೇಳಿದ. ನಿಮ್ಮಪ್ಪಗ ಹೇಳೂದಿಲ್ಲ, ಮೊದಲ ನಿನಗ ಹೇಳಬೇಕು ಅಂದ."

ಗುಡಿಯಲ್ಲಿ ಪಾತ್ರೆ ದಾಟಿಹೋದಾಗ ತಿಮೋಥಿ ಹಿಂದಿನ ಸಾಲಿನಲ್ಲೇ ಇದ್ದ. ಅಪ್ಪನ ಹೆದರಿಕೆಗೆ ಬಾಯಿ ಬರಲಿಲ್ಲ ಎಂದ. ಅಂದಿನಿಂದ ತಾನು ಕುಡಿತ ಮುಟ್ಟಿಲ್ಲ ಎಂದೂ ಹೇಳಿದ. ಆ ಮಾತು ಇಸ್ರಾಯೇಲಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ತಾನು ಕಲಿಸಿದ್ದನ್ನು ಸಿಮಿಯೋನ ಒಬ್ಬನೇ ಸರಿಯಾಗಿ ಕಲಿತಿದ್ದ. ಅದೇ ಕಾರಣಕ್ಕೆ, ಪಾತ್ರೆ ತಪ್ಪಿದಾಗಲೂ ಹುಡುಗನ ಹೆಸರು ಎತ್ತದೆ ಸುಮ್ಮನಿದ್ದ.

ಮುಚ್ಚಿಡಬಹುದಿತ್ತು, ಇಸ್ರಾಯೇಲಪ್ಪ ಮುಚ್ಚಿಡಲಿಲ್ಲ. ಹೊಸ ವರ್ಷದ ಮೊದಲ ಭಾನುವಾರ ಸಭೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಪಕ್ಕದಲ್ಲಿ ತಿಮೋಥಿಯೂ ನಿಂತಿದ್ದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇಂಥ ಹಿರಿಯನನ್ನು ಪಡೆದ ಸಭೆ ಧನ್ಯ ಎಂದು ಅಯ್ಯನವರು ಅವನ ಕೈ ಹಿಡಿದುಕೊಂಡು ಹೇಳಿದರು. ಸುದ್ದಿ ಆಚೆ ಓಣಿಗೂ ಮುಟ್ಟಿ, ಮುತ್ತಪ್ಪ ಮನೆತನಕ ಬಂದು ಬೆನ್ನು ತಟ್ಟಿ ಹೋದ. ಇದನ್ನೆಲ್ಲ ಯಾರ ಸಲುವಾಗಿ ಹೇಳಿದ್ದನೋ ಆ ಸಿಮಿಯೋನ ಮಾತ್ರ ಗುಡಿಯಲ್ಲಿ ಇರಲಿಲ್ಲ.

ಮಧ್ಯಾಹ್ನ ಇಸ್ರಾಯೇಲಪ್ಪ ಒಬ್ಬನೇ ಎದುರು ಮನೆಗೆ ಹೋಗಿ ಅವನ ಮುಂದೆ ಕೈ ಮುಗಿದ. ಸಿಮಿಯೋನ ಆ ಕೈಗಳನ್ನು ಹಿಡಿದುಕೊಂಡು, ಬಿಡ್ರಿ ಹಿರಿಯರ, ನನ್ನ ಮನಸಿನ್ಯಾಗ ಏನೂ ಇಲ್ಲ ಎಂದ. ಮನಸಾರೆ ಹೇಳಿದ ಮಾತದು. ಸಂಜೆಗೆ ಎದ್ದು ಸಾರಾಯಿ ಅಂಗಡಿಗೆ ಹೋದ. ಸತ್ಯ ಹೊರಬಿದ್ದರೆ ಕುಡಿತ ತಾನಾಗಿ ಬಿಡುತ್ತದೆ ಎಂದುಕೊಂಡಿದ್ದ ಇಸ್ರಾಯೇಲಪ್ಪ ಮತ್ತೆ ಎದುರು ಮನೆಗೆ ಹೋದ. ಬಾಗಿಲಲ್ಲಿ ನಿಂತಿದ್ದ ಸುವಾರ್ತವ್ವ ಅವನ ಮುಖ ನೋಡದೆ ಹೇಳಿದಳು.

"ನೀವು ತಪ್ಪ ಒಪ್ಪಿಕೊಂಡ್ರಿ, ಮಂದಿ ನಿಮ್ಮನ್ನ ಹೊಗಳಿದ್ರು. ನನ್ನ ಗಂಡ ನಿಮ್ಮ ಮಗನ ಸಲುವಾಗಿ ಬಾಯಿ ಮುಚ್ಚಿಕೊಂಡು ಕುಂತಿದ್ನಲ್ರಿ ಹಿರಿಯರ, ಅವನ್ನ ಯಾರು ಹೊಗಳಿದ್ರು?"

ಇಸ್ರಾಯೇಲಪ್ಪ ಹಿರಿತನ ಬಿಟ್ಟ. ಸಭೆ ಅದನ್ನೂ ದೀನತೆ ಎಂದುಕೊಂಡು, ಬಿಡಬೇಡಿರಿ ಎಂದು ಬಹಳ ದಿನ ಗೋಗರೆಯಿತು. ಆಮೇಲೆ ವರ್ಷಗಟ್ಟಲೆ ಸಂಜೆ ಮಗ್ಗದಿಂದ ಎದ್ದು ಸೀದಾ ಸಾರಾಯಿ ಅಂಗಡಿಗೆ ಹೋಗುವುದೇ ಅವನ ಕೆಲಸವಾಯಿತು. ಪರದೆ ಸರಿಸಿ ಒಳಗೆ ಹೋಗಿ, ಸಿಮಿಯೋನನ ಪಕ್ಕ ಕೂತು, ಅವನು ಏಳುವಾಗ ರಟ್ಟೆ ಹಿಡಿದು ಮನೆ ಮುಟ್ಟಿಸುತ್ತಿದ್ದ. ಮಗ್ಗಕ್ಕೆ ಬಾ ಎಂದು ಕರೆದರೆ ಸಿಮಿಯೋನ ಕೈ ತೋರಿಸುತ್ತಿದ್ದ. ಲಾಳಿ ಹಿಡಿಯಲಾರದಷ್ಟು ನಡುಗುತ್ತಿದ್ದ ಕೈ. ಎಂಬತ್ತೊಂದನೇ ಇಸವಿಯಲ್ಲಿ ಸಿಮಿಯೋನ ಹೊಟ್ಟೆ ಬಾತು, ಕಣ್ಣು ಹಳದಿಯಾಗಿ ಸತ್ತ.

ಮಣ್ಣು ಮಾಡಿ ಎಲ್ಲರೂ ತಿರುಗಿದರು. ದಾರಿಯಲ್ಲಿ ನಾಲ್ಕಾರು ಮಂದಿ, ಪಾಪ, ಒಬ್ಬ ಕುಡುಕನ ಸಲುವಾಗಿ ಇಸ್ರಾಯೇಲಪ್ಪ ಎಷ್ಟು ಕಷ್ಟಪಟ್ಟ ಎಂದು ಮಾತಾಡಿಕೊಳ್ಳುತ್ತಿದ್ದರು. ಹಿಂದಿನಿಂದ ಬರುತ್ತಿದ್ದ ಇಸ್ರಾಯೇಲಪ್ಪ ಅವರ ಮುಂದೆ ಹೋಗಿ ನಿಂತ. ಅವನ ಹಿಂದೆ ಸುವಾರ್ತವ್ವ ಇದ್ದಳು.

"ಅಂವ ಕುಡಿಯೂದ ಬಿಟ್ಟಿದ್ದ. ಅವನ್ನ ಮತ್ತ ಕುಡುಕನ್ನ ಮಾಡಿದಾಂವ ನಾ," ಎಂದ.

ಅವರು ತಲೆಯ ಮೇಲಿನ ಟೋಪಿ ತೆಗೆದರು. ಎಂಥಾ ದೊಡ್ಡ ಮನಸ್ಸು ನೋಡು, ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.