ಶೀಟ್ ಮನೆಯ ಬಾಣಂತನ

ಬೆಂಗಳೂರಿನ ಹವೆ ಬಹಳ ಚೆನ್ನ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರಲ್ಲಿ ಒಬ್ಬರಾದರೂ ಚಳಿಗಾಲದಲ್ಲಿ ಸಿಮೆಂಟ್ ಶೀಟಿನ ಕೆಳಗೆ ಮಲಗಿ ಎದ್ದವರಿಲ್ಲ. ಮಾದನಾಯಕನಹಳ್ಳಿಯಲ್ಲಿ ನಾವಿದ್ದ ಬಾಡಿಗೆ ಮನೆಗೆ ಅಂಥದ್ದೇ ಚಾವಣಿ. ಮಧ್ಯಾಹ್ನ ತಲೆ ಮೇಲೆ ಕಾದ ಹೆಂಚು ಇಟ್ಟ ಹಾಗೆ. ಬೆಳಗಿನ ಜಾವಕ್ಕೆ ಅದೇ ಶೀಟು ಬೆವರಿ ಹನಿ ಹನಿಯಾಗಿ ಹೊದಿಕೆಯ ಮೇಲೆ ತೊಟ್ಟಿಕ್ಕುವುದು. ಗೋಡೆಗೂ ಶೀಟಿಗೂ ನಡುವೆ ಕೈ ತೂರುವಷ್ಟು ಸಂದು. ರಾಯಚೂರು ಕಡೆಯ ಬಿಸಿಲಲ್ಲಿ ಬೆಳೆದ ಮೈ ನಮ್ಮದು. ಸೆಕೆಯನ್ನು ಬೈಯಲು ನಮಗೆ ಬರುತ್ತದೆ, ಚಳಿಯನ್ನು ಹೇಗೆ ಬೈಯಬೇಕೋ ಗೊತ್ತಿರಲಿಲ್ಲ.

ಆ ಮನೆಗೇ ನಾನು ಹಸಿ ಬಾಣಂತಿಯಾಗಿ, ಹೆಣ್ಣುಕೂಸನ್ನು ಎತ್ತಿಕೊಂಡು ಬಂದೆ. ಚೊಚ್ಚಿಲು ಬಾಣಂತನ ತವರಲ್ಲಿ ಆಗಬೇಕು. ಆದರೆ ದಿನ ತುಂಬುವ ಮೊದಲೇ ನೋವು ಬಂದು ಇಲ್ಲಿನ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಕೂಸು ಬೆಕ್ಕಿನ ಮರಿಯಷ್ಟಿತ್ತು, ಸುಣ್ಣ ಬಳಿದಂಥ ಬಿಳುಪು. ಮನೆಗೆ ಕಳಿಸುವಾಗ ನರ್ಸಮ್ಮ, "ತೂಕ ಕಮ್ಮಿ ಇದೆ, ಬೆಚ್ಚಗೆ ಇಟ್ಕೊಳಿ. ತಣ್ಣಗಾಗೋಕೆ ಬಿಟ್ರೆ ಉಳಿಯಲ್ಲ, ಹೇಳಿದೀನಿ" ಅಂದರು. ಆ ಮಾತನ್ನು ನಾನು, ನನ್ನ ಗಂಡ, ಸುದ್ದಿ ಕೇಳಿ ಊರಿಂದ ಓಡಿ ಬಂದಿದ್ದ ನನ್ನವ್ವ ಮೂವರೂ ಕೇಳಿಸಿಕೊಂಡೆವು. ಅಲ್ಲಿಂದ ಮುಂದೆ ಮೂವರಿಗೂ ಒಂದೇ ಜಪ, ಕೂಸು ತಣ್ಣಗಾಗಬಾರದು.

ನನ್ನ ಗಂಡನ ಕೆಲಸ ಪಫ್ ಪ್ಯಾನೆಲ್ ಫ್ಯಾಕ್ಟರಿಯಲ್ಲಿ. ಎರಡು ತಗಡುಗಳ ನಡುವೆ ಗಟ್ಟಿ ನೊರೆ ತುಂಬಿದ ಹಲಗೆಗಳು ಅವು. ಐಸ್‌ಕ್ರೀಮ್ ಗೋದಾಮಿಗೆ, ಔಷಧಿ ಇಡುವ ಕೋಲ್ಡ್ ರೂಮಿಗೆ ಅವೇ ಗೋಡೆ. ಹಲಗೆ ಕೊಯ್ದೂ ಕೊಯ್ದೂ ಅವನಿಗೆ ಕಾವು, ಥಂಡಿಯ ವಿಷಯದಲ್ಲಿ ಪಂಡಿತನ ಗತ್ತು ಬಂದಿತ್ತು. ಅವ್ವ ಹಳೇ ಸೀರೆಗಳನ್ನು ಪದರ ಪದರ ಹೊಲಿದು ಮಾಡಿದ ಕೌದಿಯನ್ನು ಊರಿಂದ ತಂದಿದ್ದಳು. ಅದನ್ನು ಕೂಸಿಗೆ ಹೊಚ್ಚಿ, "ಎಷ್ಟ್ ಕಾವು ಕೊಡತೈತಿ ನೋಡ್ರಿ ಅಳಿಯಂದ್ರ" ಅಂದರೆ ಅವನು ನಗುತ್ತಿದ್ದ.

"ಕೌದಿ ಏನೂ ಕೊಡಂಗಿಲ್ರಿ ಅತ್ತಿ. ಮೈಯಾಗಿನ ಕಾವು ಹೊರಗ ಹೋಗದಂಗ ಹಿಡಕೊಂಡು ಕುಂದರತೈತಿ, ಅಷ್ಟ. ನಮ್ಮ ಪ್ಯಾನೆಲ್ಲೂ ಅದನ್ನ ಮಾಡೋದು. ಒಳಗ ಬಿಸಿ ಇಟ್ರ ಬಿಸಿ, ಥಂಡಿ ಇಟ್ರ ಥಂಡಿ."

"ಹಂಗಾರ ಅದನ್ನೂ ತಂದು ಬಡೀರಿ," ಅಂದಳು ಅವ್ವ.

ತಂದು ಬಡಿದ. ಸೂಪರ್‌ವೈಸರನ್ನು ಕಾಡಿ ಬೇಡಿ ವೇಸ್ಟ್ ತುಂಡುಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದ. ಶೀಟಿನ ಅಡಿಗೆ, ಗೋಡೆಗೆ, ಇದ್ದ ಒಂದು ಕಿಟಕಿಗೆ ಕೂಡ ಹಲಗೆ ಕೂರಿಸಿ, ಸಂದುಗಳಿಗೆಲ್ಲ ನೊರೆ ತುಂಬಿದ. ಬಾಗಿಲು ಹಾಕಿದರೆ ತುಮಕೂರು ರಸ್ತೆಯ ಲಾರಿ ಸದ್ದು ಕೂಡ ದೂರವಾಯಿತು. ಅವನನ್ನು ಬಾಯಿ ತುಂಬ ಹೊಗಳಿದೆವು. ಆ ಹೊಗಳಿಕೆ ನೆನೆದರೆ ಈಗ ನಾಲಿಗೆ ಕಡಿದುಕೊಳ್ಳಬೇಕು ಅನ್ನಿಸುತ್ತದೆ.

ಆದರೆ ಹಲಗೆ ಕಾವನ್ನು ಹಿಡಿದಿಡುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಹುಟ್ಟಿಸುವುದು ಅವ್ವನ ಕೆಲಸ. ನಮ್ಮ ಕಡೆ ಬಾಣಂತಿಗೆ ಎಣ್ಣೆ ಹಚ್ಚಿ ಎರೆದ ಮೇಲೆ, ಕೂಸಿನ ಜೊತೆ ಹಗ್ಗದ ಹೊರಸಿನ ಮೇಲೆ ಮಲಗಿಸಿ ಅಡಿಯಲ್ಲಿ ಶೆಗಡಿ ಇಡುತ್ತಾರೆ. ಕೆಂಡ ತುಂಬಿದ ಬೋಗುಣಿ, ಅದರ ಮೇಲೆ ಒಂದು ಚಿಟಿಕೆ ಅಜವಾನ. ತಾಯಿಯ ಮೈ ಬೆವರಬೇಕು, ಕೂಸಿನ ಅಂಗಾಲು ಬೆಚ್ಚಗಾಗಬೇಕು. ಅವ್ವ ಹೀಗೇ ಕಾಸಿಸಿಕೊಂಡು ನಮ್ಮನ್ನೆಲ್ಲ ಬೆಳೆಸಿದವಳು. ಇಸ್ತ್ರಿ ಅಂಗಡಿಯಿಂದ ಇದ್ದಿಲು ತಂದು ಶುರುಮಾಡಿದಳು.

ಮೊದಲ ದಿನವೇ ಓನರಮ್ಮ ಬಂದು ನಿಂತಳು. ಮೊದಲು ಹೊಲ ಉತ್ತ ಜಾಗದಲ್ಲೇ ಸಾಲು ಮನೆ ಎಬ್ಬಿಸಿ ಬಾಡಿಗೆಗೆ ಬಿಟ್ಟವಳು. ಅವಳು ಒಗೆದು ಹರವಿದ್ದ ಸೀರೆಗೆ ನಮ್ಮ ಅಜವಾನದ ಹೊಗೆ ತಾಗಿತ್ತು.

"ಏನಮ್ಮೋ, ಇಂಗೆ ಒಗೆ ಎಬ್ಬುಸುದ್ರೆ ವಠಾರದೋರು ಏನ್ ಸಾಯ್ಬೇಕಾ? ಬಾಕ್ಲು ಆಕ್ಕೊಂಡು ಏನಾರ ಮಾಡ್ಕೊಳ್ಳಿ. ಇಲ್ಲಾಂದ್ರೆ ಮನೆ ಕಾಲಿ ಮಾಡಿ."

ಹಸಿ ಬಾಣಂತಿಯನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ಅವ್ವ ಹಲ್ಲು ಕಚ್ಚಿಕೊಂಡಳು. ಮಾರನೆ ದಿನದಿಂದ ಅಜವಾನ ಬಿಟ್ಟಳು. ಇದ್ದಿಲನ್ನು ಹೊರಗೇ ಚೆನ್ನಾಗಿ ಉರಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಆದ ಮೇಲೆ ಒಳಗೆ ತರುವಳು. ಬಾಗಿಲು ಎಳೆದುಕೊಂಡು, ಅದರ ಬುಡದ ಸಂದಿಗೆ ಹಳೇ ಸೀರೆ ಒತ್ತುವಳು. "ಹೊಗಿ ಇಲ್ಲ, ವಾಸನಿ ಇಲ್ಲ. ಇನ್ನೇನ್ ಅಂತಾಳ ನೋಡೂಣು." ಹೊಗೆ ಇಲ್ಲದ ಕೆಂಡ ಒಳ್ಳೆಯದು ಅಂತಲೇ ನಾವೂ ತಿಳಿದೆವು. ಊರಿನ ನಮ್ಮ ಮಣ್ಣಿನ ಮಾಳಿಗೆ ಮನೆಗೆ ಚಾವಣಿಯ ನಡುವೆ ಒಂದು ಬೆಳಕಿಂಡಿ ಇತ್ತು. ಅದು ಬೆಳಕು ಬರಲಿಕ್ಕೆ ಮಾತ್ರ ಇರುವುದು ಅಂದುಕೊಂಡಿದ್ದೆವು. ಯಾರೂ ಅದನ್ನು ಮುಚ್ಚಿ ನೋಡಿರಲಿಲ್ಲ.

ಆ ದಿನ ಬೆಳಿಗ್ಗೆಯಿಂದ ಮೋಡ, ಕೊರೆಯುವ ಗಾಳಿ. ಅವ್ವ ಎಂದಿಗಿಂತ ಜಾಸ್ತಿ ಕೆಂಡ ತುಂಬಿದಳು. ಎರೆದು, ನನ್ನನ್ನೂ ಕೂಸನ್ನೂ ಹೊರಸಿನ ಮೇಲೆ ಮಲಗಿಸಿ, ಬಾಗಿಲು ಎಳೆದು, ಸೀರೆಯನ್ನು ಹೊರಗಿನಿಂದ ಸಂದಿಗೆ ಒತ್ತಿ ನಲ್ಲಿಗೆ ಬಟ್ಟೆ ಒಗೆಯಲು ಹೋದಳು. ಗಂಡ ಡ್ಯೂಟಿಗೆ ಹೋಗಿದ್ದ.

ಸ್ವಲ್ಪ ಹೊತ್ತಿಗೆ ನಲ್ಲಿಯ ಹತ್ತಿರ ಓನರಮ್ಮನಿಗೂ ಅವ್ವನಿಗೂ ಜಗಳ ಹತ್ತಿತು. ಬಾವಿಯೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು.

"ಒಂದ್ ಕೂಸಿನ್ ಬಟ್ಟೆಗೆ ಇಷ್ಟ್ ನೀರಾ? ಟ್ಯಾಂಕ್ ನಿಮ್ಮಪ್ಪ ತುಂಬುಸ್ತಾನಾ?"

"ನೀರಿಗೂ ನಿನ್ನ ಹೆಸರು ಬರದೈತೇನ? ಬಾಣಂತಿ ಇರೋ ಮನಿ ಮ್ಯಾಲೆ ಕಣ್ಣ ಹಾಕಬ್ಯಾಡ, ನೆಟ್ಟಗಾಗಂಗಿಲ್ಲ!"

ನನಗೆ ನಗು ಬಂತು. ಇಬ್ಬರೂ ಬಿಡುವ ಪೈಕಿ ಅಲ್ಲ. ಆಗಲೇ ತಲೆ ಸಿಡಿಯುತ್ತಿತ್ತು. ನೆತ್ತಿಗೆ ಎಣ್ಣೆ ಹೆಚ್ಚಾಯಿತೇನೋ ಅಂದುಕೊಂಡೆ. ಎದ್ದು ನೀರು ಕುಡಿಯೋಣವೆಂದರೆ ಕಾಲು ನನ್ನ ಮಾತು ಕೇಳಲಿಲ್ಲ. ಪಕ್ಕದಲ್ಲಿ ಕೂಸು ಒಂದಿಷ್ಟೂ ಅಳುತ್ತಿರಲಿಲ್ಲ. ಬೆಚ್ಚಗಿದ್ದಾಳೆ, ಸುಖವಾಗಿದ್ದಾಳೆ ಅಂದುಕೊಂಡೆ. ಜನ್ಮದಲ್ಲಿ ಅಷ್ಟು ಒಳ್ಳೆಯ ನಿದ್ದೆ ನನಗೆ ಬಂದಿರಲಿಲ್ಲ.

ಜಗಳದಲ್ಲಿ ಅವ್ವ ಗೆದ್ದಳು. ಗೆದ್ದ ಹುರುಪಿನಲ್ಲೇ ಬಾಗಿಲು ತಳ್ಳಿ ಬಂದು, "ಬಾಯಿ ಮುಚ್ಚಿಸಿ ಬಂದೆ ನೋಡವ್ವಾ" ಅಂದಳಂತೆ. ನಾನು ಎದ್ದಿರಲಿಲ್ಲ. ಅವಳು ಬಗ್ಗಿ ಕೂಸನ್ನು ನೋಡಿದಳು. ಹುಟ್ಟಿದಾಗಿನಿಂದ ಬಿಳಿಚಿಕೊಂಡಿದ್ದ ಕೆನ್ನೆ ಈಗ ಕೆಂಪು ಕೆಂಪಾಗಿತ್ತು. ಶೆಗಡಿ ಕೊನೆಗೂ ಮೈಗೆ ಹತ್ತಿತು ಅಂತ ಖುಷಿಪಟ್ಟು, ದೃಷ್ಟಿ ತೆಗೆದು, ನೆಟಿಕೆ ಮುರಿದು ಆಮೇಲೆ ಎತ್ತಿಕೊಂಡಳು. ಎತ್ತಿಕೊಂಡಾಗ ಕತ್ತು ನಿಲ್ಲಲಿಲ್ಲ.

ನನಗೆ ಎಚ್ಚರವಾದದ್ದು ಆಸ್ಪತ್ರೆಯಲ್ಲಿ, ಮೂಗಿಗೆ ಆಕ್ಸಿಜನ್ ಹಾಕಿದ್ದರು. ಉಳಿದದ್ದು ನಾನೊಬ್ಬಳು. ಡಾಕ್ಟರು ಗಂಡನಿಗೆ ಹೇಳುತ್ತಿದ್ದರು: "ಹೊಗೆ ಇಲ್ಲ ಅಂದ್ರೆ ವಿಷ ಇಲ್ಲ ಅಂತ ಅಲ್ಲಪ್ಪ. ಕೆಂಡ ಬಿಡೋ ಗಾಳಿಗೆ ಬಣ್ಣಾನೂ ಇಲ್ಲ, ವಾಸನೇನೂ ಇಲ್ಲ. ಗಾಳಿ ಆಡೋಕೆ ಒಂದು ತೂತಾದ್ರೂ ಬಿಡಬಾರದಿತ್ತಾ?" ನನ್ನ ಗಂಡ, "ಕಾವು ಹೋಗಬಾರದಂತ ಮುಚ್ಚಿದ್ದೆ ಸಾರ್" ಅಂದ. ಪೊಲೀಸರು ವಿಚಾರಿಸಿದಾಗ ಓನರಮ್ಮ, "ಬಾಕ್ಲು ಆಕ್ಕೊಳ್ಳಿ ಅಂದೆ. ಸಾಯಿ ಅಂದ್ನಾ?" ಅಂದಳಂತೆ. ಅನ್ನಲಿಲ್ಲ, ನಿಜ. ಅವಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಆಸೆಯೂ ನನಗಿಲ್ಲ.

ಪೋಸ್ಟ್‌ಮಾರ್ಟಮ್ ಮಾರನೆ ದಿನ ಅಂದರು. ಅಲ್ಲಿಯವರೆಗೆ ಕೂಸನ್ನು ಶವಾಗಾರದಲ್ಲಿ ಇಡಬೇಕು. ಅವ್ವ ಆಸ್ಪತ್ರೆಗೆ ಬಂದಾಗಿನಿಂದ ಅದನ್ನು ಕೌದಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಕೂತಿದ್ದಳು, ಯಾರು ಕೇಳಿದರೂ ಕೊಟ್ಟಿರಲಿಲ್ಲ. ಸಂಜೆ ನಾನು ಹಟ ಹಿಡಿದು ಗಾಲಿ ಕುರ್ಚಿಯಲ್ಲಿ ಜೊತೆಗೆ ಹೋದೆ. ತಣ್ಣನೆಯ ಆ ಕೋಣೆಯ ಗೋಡೆಯನ್ನು ನನ್ನ ಗಂಡ ಬೆರಳಿಂದ ಒಮ್ಮೆ ಬಡಿದು ನೋಡಿದ. "ನಮ್ಮಂಥಾದ್ದ ಪ್ಯಾನೆಲ್," ಅಂದ.

ಅವ್ವ ಕೌದಿ ಸಮೇತ ಕೂಸನ್ನು ಸ್ಟೀಲ್ ಟ್ರೇಯ ಮೇಲೆ ಮಲಗಿಸಿದಳು. ಅಲ್ಲಿನ ಕೆಲಸದವನು, "ಅಜ್ಜಿ, ಅದನ್ನ ತೆಗೀರಿ. ಅಷ್ಟ್ ದಪ್ಪಂದು ಸುತ್ತಿದ್ರೆ ತಣ್ಣಗಾಗಲ್ಲ" ಅಂದ.

"ತಣ್ಣಗಾಗಬಾರದಂತನ ಹೊಚ್ಚೀನಿ ಯಪ್ಪಾ," ಅಂದಳು ಅವ್ವ. ಅಳಿಯನ ಕಡೆ ತಿರುಗಿದಳು. "ನೀವರ ಹೇಳ್ರಿ ಇವಗ. ನಿಮಗ ಇದೆಲ್ಲಾ ಗೊತ್ತೈತಿ."

ಅವನು ಅವ್ವನ ಪಕ್ಕ ಬಂದು ನಿಂತ. "ಅವ ಹೇಳೋದು ಖರೇ ಐತ್ರಿ ಅತ್ತಿ. ತಗೀರಿ."

ಅವ್ವ ಒಂದೊಂದೇ ಮಡಿಕೆ ಬಿಚ್ಚಿ ಕೌದಿಯನ್ನು ನನ್ನ ಮಡಿಲಿಗೆ ಹಾಕಿದಳು. ಅದು ಇನ್ನೂ ಬೆಚ್ಚಗಿತ್ತು.